ಏರಿಯ ಮೇಲಿನ ಗಾಳಿ

"ಗುರುಗಳೇ, ಒಂದು ಕೆಲಸವನ್ನು ಪೂರ್ತಿ ನಾನೇ ಮಾಡಿದೆ ಎಂದು ಮನುಷ್ಯ ಯಾವಾಗ ಹೇಳಬಹುದು?"

ಹೀಗೆ ಕೇಳಿದ ಶಿಷ್ಯ ಹಿಂದಿನ ದಿನವಷ್ಟೇ ಗುಡ್ಡದ ಮೇಲಿನ ಗುಡಿಸಲಿನಿಂದ ಇಳಿದು ಬಂದಿದ್ದ. ಮಳೆಗಾಲ ಪೂರ್ತಿ ಅಲ್ಲಿ ಒಬ್ಬನೇ ಕೂತು ಮೌನವ್ರತ ಮುಗಿಸಿದ್ದ. ಊಟ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬರುತ್ತಿತ್ತು. ಅದು ಬಿಟ್ಟರೆ ಮನುಷ್ಯರ ಸುಳಿವಿರಲಿಲ್ಲ. ಮೈ ಇಳಿದಿತ್ತು, ಕಣ್ಣಿನಲ್ಲಿ ಮಾತ್ರ ಹೊಳಪು ಬಂದಿತ್ತು. ಏನನ್ನೋ ಗೆದ್ದು ಬಂದವರಿಗೆ ಇರುವಂಥ ಹೊಳಪು.

ಗುರುಗಳು ಜಗಲಿಯ ಕಂಬಕ್ಕೆ ಒರಗಿ ಮೊಣಕಾಲು ನೀವಿಕೊಳ್ಳುತ್ತಿದ್ದರು. ಬೆಳಗಿನಿಂದ ಬಂದವರೆಲ್ಲ ಪ್ರಶ್ನೆಗಳನ್ನೇ ತಂದಿದ್ದರು, ಒಬ್ಬರೂ ಉತ್ತರ ತಂದಿರಲಿಲ್ಲ. ಅವರಿಗೆ ಸಾಕಾಗಿತ್ತು.

"ಕೂತುಕೋ" ಎಂದರು. "ಉತ್ತರ ನನ್ನ ಹತ್ತಿರ ಇಲ್ಲ. ಕತೆ ಒಂದಿದೆ."

ಶಿಷ್ಯ ಕೂತ. ಗುರುಗಳು ಹೇಳಿದರು.

ಒಂದು ಊರಿನ ಕಾಲೇಜಿನಲ್ಲಿ ಒಬ್ಬಳು ಗ್ರಂಥಪಾಲಕಿ ಇದ್ದಳು. ವಯಸ್ಸು ನಲವತ್ತು ದಾಟಿತ್ತು. ಗಂಡ, ಅತ್ತೆ, ಓದುವ ಮಗಳು, ಸ್ವಂತ ಮನೆ. ಹೇಳಿಕೊಳ್ಳುವಂಥ ಕಷ್ಟ ಯಾವುದೂ ಇರಲಿಲ್ಲ. ಇದ್ದದ್ದು ಒಂದೇ ಸಂಕಟ, ಅದನ್ನು ಹೇಳಿಕೊಂಡಿದ್ದರೆ ಜನ ನಗುತ್ತಿದ್ದರು. ಅವಳದ್ದು ಎನ್ನುವಂಥದ್ದು ಒಂದೂ ಇರಲಿಲ್ಲ.

ಅವಳಿಗೆ ಕೆಲಸ ಸಿಕ್ಕಿದಾಗ, "ಮಾವನವರು ಆಡಳಿತ ಮಂಡಳಿಯವರ ಕಿವಿಗೆ ಒಂದು ಮಾತು ಹಾಕಿದರಂತೆ" ಎಂದಿತು ಊರು. ಗೃಹಪ್ರವೇಶಕ್ಕೆ ಬಂದವರೆಲ್ಲ ಗಂಡನ ಕೈ ಕುಲುಕಿ ಹೋದರು. ಮಗಳು ಒಳ್ಳೆಯ ಅಂಕ ತೆಗೆದರೆ ಅಪ್ಪನ ತಲೆ. ಕಡಿಮೆ ತೆಗೆದರೆ ಮಾತ್ರ ಅಮ್ಮ ಗಮನ ಕೊಡಲಿಲ್ಲ ಎಂಬ ಮಾತು. ಸಾರು ರುಚಿಯಾಗಿದ್ದರೆ ಅದು ಅತ್ತೆ ಮಾಡಿದ ಪುಡಿಯ ಗುಣ. ಇದರಲ್ಲಿ ಒಂದೂ ಸುಳ್ಳಲ್ಲ. ಮಾವ ಮಾತು ಹಾಕಿದ್ದು ನಿಜ, ಪುಡಿ ಅತ್ತೆಯದ್ದೇ ನಿಜ. ಹಾಗಾಗಿ ಕೋಪ ಮಾಡಿಕೊಳ್ಳಲೂ ಅವಳಿಗೆ ಸ್ವಂತದ್ದೊಂದು ಕಾರಣ ಇರಲಿಲ್ಲ.

ಒಂದು ದಿನ ಗ್ರಂಥಾಲಯದಲ್ಲಿ ಪತ್ರಿಕೆಗಳನ್ನು ಜೋಡಿಸುವಾಗ ಅವಳ ಕಣ್ಣಿಗೆ ಒಂದು ಜಾಹೀರಾತು ಬಿತ್ತು. ಪಕ್ಕದ ತಾಲೂಕಿನ ದೊಡ್ಡ ಕೆರೆಯಲ್ಲಿ ಟ್ರಯಥ್ಲಾನ್ ಎಂಬ ಸ್ಪರ್ಧೆ. ಮೊದಲು ಕೆರೆಯಲ್ಲಿ ಈಜಬೇಕು. ಎದ್ದು ಬಂದು ಸೈಕಲ್ ತುಳಿಯಬೇಕು. ಇಳಿದು ಓಡಬೇಕು. ಒಂದರ ಬೆನ್ನಿಗೆ ಒಂದು, ನಡುವೆ ಕೂತು ಸುಧಾರಿಸಿಕೊಳ್ಳಲು ಬಿಡುವಿಲ್ಲ. ಪಳಗಿದವರದ್ದು ಬೇರೆ ಇರುತ್ತದಂತೆ, ದಿನವಿಡೀ ನಡೆಯುತ್ತದಂತೆ. ಇದು ಅದರ ಚಿಕ್ಕ ಮರಿ, ಹವ್ಯಾಸಿಗಳಿಗಾಗಿ. ಕೆಳಗೆ ಸಣ್ಣ ಅಕ್ಷರದಲ್ಲಿ ನಿಯಮಗಳಿದ್ದವು. ಅದರಲ್ಲಿ ಒಂದನ್ನು ಅವಳು ಮತ್ತೆ ಮತ್ತೆ ಓದಿದಳು. "ಸ್ಪರ್ಧೆಯ ಅವಧಿಯಲ್ಲಿ ಹೊರಗಿನವರಿಂದ ಯಾವುದೇ ನೆರವು ಪಡೆಯುವಂತಿಲ್ಲ."

ನೆರವನ್ನು ನಿಷೇಧಿಸಿದ ಜಾಗವೊಂದು ಈ ಭೂಮಿಯ ಮೇಲಿದೆ ಎಂದು ಅವಳಿಗೆ ಅಂದೇ ತಿಳಿದದ್ದು. ಅಲ್ಲಿ ಗೆದ್ದವರು ತಾವೇ ಗೆಲ್ಲುತ್ತಾರೆ, ಸೋತವರೂ ತಾವೇ ಸೋಲುತ್ತಾರೆ. ಅವಳಿಗೆ ಗೆಲುವು ಬೇಕಿರಲಿಲ್ಲ. ಮುಗಿಸಿದರೆ ಸಾಕಿತ್ತು. ಒಂದನ್ನು, ಒಂದೇ ಒಂದನ್ನು, ಇನ್ನೊಬ್ಬರ ಕೈ ತಾಗದಂತೆ ಮುಗಿಸಿ, ಇದು ನನ್ನದು ಎಂದು ಇಟ್ಟುಕೊಳ್ಳಬೇಕಿತ್ತು.

ಮನೆಯಲ್ಲಿ ಹೇಳಿದಳು.

"ಈ ವಯಸ್ಸಲ್ಲಿ ಕೆರೆಗೆ ಬೀಳೋದು ಯಾಕಮ್ಮ?" ಎಂದರು ಅತ್ತೆ. "ನಾವೇನೋ ಹಿಂಸೆ ಕೊಟ್ವಿ ಅಂದ್ಕೊಳ್ಳಲ್ವಾ ಜನ?"

"ಬೀಳೋದಲ್ಲ ಅತ್ತೆ, ಈಜೋದು."

"ಯಾವುದಕ್ಕಾದ್ರೂ ಮೊದಲು ಬೀಳ್ಲೇಬೇಕಲ್ಲ."

ಗಂಡ ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಸೊಂಟ ಗಿಂಟ ಹಿಡ್ಕೊಂಡ್ರೆ ನನ್ನ ಕರೀಬೇಡ ಕಣೇ" ಎಂದ.

"ಕರೆಯಲ್ಲ. ಕರೆಯೋ ಹಾಗೂ ಇಲ್ಲ, ನಿಯಮ ಇದೆ" ಎಂದಳು. ಆ ಮನೆಯಲ್ಲಿ ಒಂದು ಮಾತು ಆಡಿ ಅವಳಿಗೆ ಅಷ್ಟು ಖುಷಿಯಾಗಿ ಬಹಳ ವರ್ಷವಾಗಿತ್ತು.

ಆಮೇಲೆ ದಣಿವು ಶುರುವಾಯಿತು. ಕೋಳಿ ಕೂಗುವ ಮೊದಲೇ ಎದ್ದು ತಿಂಡಿ ಮಾಡಿಟ್ಟು, ಹೆಂಗಸರಿಗೆಂದು ಮೀಸಲಿಟ್ಟ ಹೊತ್ತಿನಲ್ಲಿ ಈಜುಕೊಳಕ್ಕೆ ಹೋಗುತ್ತಿದ್ದಳು. ಸಂಜೆ ಮಗಳ ಹಳೆಯ ಸೈಕಲ್ ಹತ್ತುತ್ತಿದ್ದಳು. ಅದರ ಚೈನು ಎಷ್ಟು ಎಣ್ಣೆ ಬಿಟ್ಟರೂ ಕಿರುಗುಟ್ಟುತ್ತಿತ್ತು. ವಾರಕ್ಕೆರಡು ಸಲ ಕಾಲೇಜು ಮೈದಾನದ ಸುತ್ತ ಓಡುತ್ತಿದ್ದಳು, ಅಂದರೆ ನೋಡುವವರು ಇದ್ದಾಗ ಓಡುತ್ತಿದ್ದಳು, ಇಲ್ಲದಾಗ ನಡೆಯುತ್ತಿದ್ದಳು. 'ನಿಶ್ಶಬ್ದವಾಗಿರಿ' ಎಂಬ ಫಲಕದ ಕೆಳಗೆ ಕೂತು ಅವಳೇ ಗೊರಕೆ ಹೊಡೆದದ್ದನ್ನು ವಿದ್ಯಾರ್ಥಿಗಳು ಕಂಡರು. ಯಾರೂ ಎಬ್ಬಿಸಲಿಲ್ಲ. ಅದನ್ನೂ ಒಂದು ನೆರವು ಎಂದು ಎಣಿಸಬೇಕೋ ಏನೋ, ಅವಳು ಎಣಿಸಲಿಲ್ಲ.

ಕಾಲೇಜಿನ ದೈಹಿಕ ಶಿಕ್ಷಕರು ಒಮ್ಮೆ, "ಮೇಡಂ, ಒಂದೆರಡು ಸಂಗತಿ ಹೇಳ್ಕೊಡ್ಲಾ?" ಎಂದರು. ಬೇಡ ಎಂದಳು. ನಿಯಮದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ್ದಳು. ಗ್ರಂಥಪಾಲಕಿಯಲ್ಲವೇ. ಓದಿದ್ದು ತಲೆಯಲ್ಲಿತ್ತು, ಕಾಲಿಗೆ ಇಳಿದಿರಲಿಲ್ಲ.

ಸ್ಪರ್ಧೆಯ ಬೆಳಗ್ಗೆ ಕೆರೆಯ ದಡದಲ್ಲಿ ಜನ ಸೇರಿದರು. ಹೆಚ್ಚಿನವರು ಅವಳ ಅರ್ಧ ವಯಸ್ಸಿನವರು, ಕೆಲವರು ಅರ್ಧ ತೂಕದವರು. ಯಾರೋ ಬಂದು ಅವಳ ತೋಳಿನ ಮೇಲೆ ಸಂಖ್ಯೆ ಬರೆದು ಹೋದರು, ಸಂತೆಗೆ ಹೊರಟ ಕುರಿಗೆ ಬಣ್ಣ ಬಳಿದ ಹಾಗೆ. ಸೀಟಿ ಊದಿದರು. ಎಲ್ಲರೂ ನೀರಿಗೆ ಇಳಿದರು.

ಈಜುಕೊಳದಲ್ಲಿ ತಳ ಕಾಣುತ್ತದೆ, ಕೆರೆಯಲ್ಲಿ ಕಾಣುವುದಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಯಾರದ್ದೋ ಹಿಮ್ಮಡಿ ಅವಳ ಮೂಗಿಗೆ ಬಡಿಯಿತು. ಉಸಿರು ತಪ್ಪಿತು. ಕೈಕಾಲು ಸುಮ್ಮನೆ ನೀರನ್ನು ಬಡಿದವು, ಮೈ ಮುಂದೆ ಹೋಗಲಿಲ್ಲ. ಕಾವಲಿನ ದೋಣಿಯೊಂದು ಹತ್ತಿರ ಬಂತು.

"ದೋಣಿ ಹಿಡ್ಕೊಳ್ಳಿ ಅಕ್ಕಾ, ಸುಧಾರಿಸ್ಕೊಂಡು ಹೋಗಿ" ಎಂದ ದೋಣಿಯವನು. "ಸುಮ್ನೆ ಹಿಡ್ಕೊಂಡ್ರೆ ತಪ್ಪಿಲ್ಲ. ಎಲ್ಲರೂ ಹಿಡ್ಕೋತಾರೆ."

ನಾನು ಹಿಡಿಯುವುದಿಲ್ಲ ಎನ್ನಲು ಬಾಯಿ ತೆರೆದಳು. ಬಾಯಿ ತುಂಬ ಕೆರೆ ಬಂತು.

ದೋಣಿಯವನು ಬಿಡಲಿಲ್ಲ. ಅವಳ ಪಕ್ಕದಲ್ಲೇ ಹುಟ್ಟು ಹಾಕುತ್ತ ಬಂದ. ಅವಳು ಮೆಲ್ಲಗೆ ಮಗುಚಿ, ಬೆನ್ನ ಮೇಲೆ ತೇಲಿ, ಆಕಾಶ ನೋಡುತ್ತ ಉಸಿರು ಸುಧಾರಿಸಿಕೊಂಡಳು. ಮತ್ತೆ ಮಗುಚಿ ಈಜಿದಳು. ಮುಂದಿನವರ ಕಾಲ ಹಿಂದೆಯೇ ಹೋದರೆ ನೀರು ಹಗುರವಾಗುತ್ತದೆ, ನೀರಿನಲ್ಲಿ ಅದಕ್ಕೆ ಅಡ್ಡಿಯಿಲ್ಲ ಎಂದು ಓದಿದ್ದಳು. ಆದರೂ ಎಲ್ಲರಿಂದ ದೂರ ಸರಿದು ತನ್ನದೇ ನೀರಿನಲ್ಲಿ ಹೋದಳು. ದಡ ಹತ್ತುವಾಗ ಅವಳ ಹಿಂದೆ ಉಳಿದವರು ನಾಲ್ಕಾರು ಜನ. ಕೆಸರಿನಲ್ಲಿ ಕಾಲು ಜಾರಿತು. ಕೈ ಚಾಚಿದವರನ್ನು ನೋಡದ ಹಾಗೆ ಮಾಡಿ ಮಂಡಿಯೂರಿ ಹತ್ತಿದಳು. ಈಜು ನನ್ನದು ಎಂದುಕೊಂಡಳು.

ಸೈಕಲ್ ನಿಲ್ಲಿಸಿದ ಜಾಗದಲ್ಲಿ ತನ್ನದನ್ನು ಹುಡುಕುವ ಕಷ್ಟ ಅವಳಿಗೆ ಇರಲಿಲ್ಲ. ಹೆಚ್ಚಿನವರೆಲ್ಲ ಹೊರಟುಹೋಗಿದ್ದರು. ಒದ್ದೆ ಕಾಲಿಗೆ ಕಾಲುಚೀಲ ಏರುವುದಿಲ್ಲ ಎಂಬ ಸಂಗತಿಯನ್ನು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಅವಳು ಕಾಲುಚೀಲದ ಜೊತೆ ಹೋರಾಡುತ್ತಿದ್ದಾಗ ಮೈಕಿನವನು ಕೂಗಿ ಹೇಳಿದ, ಸೈಕಲ್ ಮುಗಿಸಿ ಹೊತ್ತಿಗೆ ಸರಿಯಾಗಿ ಬರದವರನ್ನು ಓಟಕ್ಕೆ ಬಿಡುವುದಿಲ್ಲ ಎಂದು. ಬಿಡದಿದ್ದರೆ ಮುಗಿಸಿದ ಹಾಗಲ್ಲ. ಮುಗಿಸದಿದ್ದರೆ ಇಷ್ಟು ತಿಂಗಳು ಕತ್ತಲಲ್ಲಿ ಎದ್ದದ್ದೆಲ್ಲ ತಿಂಡಿಗೆ ಮಾತ್ರ ಉಪಯೋಗವಾದ ಹಾಗೆ. ಕಾಲುಚೀಲವನ್ನು ಅಲ್ಲೇ ಎಸೆದು ಹೊರಟಳು.

ಹೋಗುವಾಗ ದಾರಿ ಸಲೀಸಾಗಿತ್ತು. ಕೆರೆಯ ಉದ್ದಕ್ಕೂ ಕಟ್ಟಿದ ಏರಿಯ ಮೇಲೆ ರಸ್ತೆ. ಸೈಕಲ್ ತಾನಾಗಿ ಉರುಳಿದ ಹಾಗೆ ಉರುಳಿತು. ಗಾಳಿ ಬೆನ್ನಿಗಿತ್ತು. ಅದು ಅವಳಿಗೆ ತಿಳಿಯಲಿಲ್ಲ. ಬೆನ್ನಿಗಿರುವ ಗಾಳಿ ಯಾರಿಗೂ ತಿಳಿಯುವುದಿಲ್ಲ, ತನ್ನ ಕಾಲು ಗಟ್ಟಿ ಎಂದೇ ಎಲ್ಲರೂ ತಿಳಿಯುತ್ತಾರೆ.

ದೂರದಲ್ಲಿ ನೆಟ್ಟ ಕಂಬವನ್ನು ಸುತ್ತಿ ಹಿಂದಿರುಗಿದಾಗ ತಿಳಿಯಿತು. ಅದೇ ಏರಿ, ಅದೇ ಸೈಕಲ್, ಅದೇ ಕಾಲು. ಆದರೆ ಕೆರೆಯ ಮೇಲಿನಿಂದ ಬರುವ ಗಾಳಿ ಈಗ ಎದೆಗೆ ಕೈಯಿಟ್ಟು ತಳ್ಳುತ್ತಿತ್ತು. ತುಳಿದಷ್ಟೂ ರಸ್ತೆ ಹಾಗೇ ಇತ್ತು. ತೊಡೆ ಉರಿಯಿತು. ಹೆಲ್ಮೆಟ್ಟಿನ ಒಳಗಿಂದ ಬೆವರು ಕಣ್ಣಿಗೆ ಇಳಿಯಿತು. ಇದೇ ವೇಗದಲ್ಲಿ ಹೋದರೆ ಹೊತ್ತಿಗೆ ಮುಟ್ಟುವುದಿಲ್ಲ ಎಂದು ಲೆಕ್ಕ ಹೇಳಿತು. ಇಳಿದು ತಳ್ಳಿಕೊಂಡು ಹೋಗೋಣ ಎಂದಿತು ಮೈ. ಸುಸ್ತು ಎನ್ನುವುದು ಅವಳಿಗೆ ಹೊಸದಲ್ಲ. ಆದರೆ ಮನೆಯ ಸುಸ್ತಿಗೆ ಮಲಗುವ ಹೊತ್ತು ಅಂತ ಒಂದಿರುತ್ತದೆ. ಇದಕ್ಕೆ ಅದೂ ಇರಲಿಲ್ಲ.

ಆಗ ಹಿಂದಿನಿಂದ ಒಬ್ಬ ಮನುಷ್ಯ ಬಂದ. ಐವತ್ತರ ಆಚೆಯವನು, ಅಗಲ ಬೆನ್ನಿನವನು, ಹಸಿರು ಬನಿಯನ್ನು ಹಾಕಿದ್ದ. ಅವಳನ್ನು ದಾಟುವಾಗ ಒಮ್ಮೆ ತಿರುಗಿ ನೋಡಿದ. ದಾಟಿದ ಮೇಲೆ ತೀರ ಮುಂದೆಯೂ ಹೋಗಲಿಲ್ಲ, ಅವಳ ಮುಂದೆಯೇ ತುಳಿಯುತ್ತ ಉಳಿದ.

ಸ್ವಲ್ಪ ಹೊತ್ತಿಗೆ ಗಾಳಿ ನಿಂತಿತು.

ಅಥವಾ ನಿಂತಿತು ಎಂದು ಅವಳಿಗೆ ಅನ್ನಿಸಿತು. ಎದೆಯ ಮೇಲಿನ ಕೈ ಇಲ್ಲವಾಯಿತು. ಕಾಲು ಮತ್ತೆ ತಿರುಗಿತು. ಉಸಿರು ಒಂದು ಲಯಕ್ಕೆ ಬಂತು. ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬಂತು, ಕೊನೆಗೂ ಬಂತು, ಇಷ್ಟು ದಿನದ ಅಭ್ಯಾಸ ಈಗ ಕೈಗೆ ಬಂತು ಎಂದುಕೊಂಡಳು. ಮಾವ ಮಾತು ಹಾಕಿ ಕೊಡಿಸಿದ ಕಾಲಲ್ಲ ಇದು. ಅತ್ತೆಯ ಪುಡಿಯಿಂದ ಬಂದ ಬಲವಲ್ಲ ಇದು. ಏರಿಯ ಉದ್ದಕ್ಕೂ ಅವಳ ಚೈನು ಕಿರುಗುಟ್ಟಿತು, ಅದೂ ಅವಳಿಗೆ ನಾದಸ್ವರದ ಹಾಗೆ ಕೇಳಿಸಿತು. ಜೀವನದಲ್ಲಿ ಅವಳು ಪೂರ್ತಿ ತನ್ನದೆಂದು ಅನುಭವಿಸಿದ ಹೊತ್ತು ಅದೊಂದೇ.

ಏರಿ ಮುಗಿಯುವ ಕಡೆ ಬೈಕಿನ ಮೇಲೆ ಒಬ್ಬ ಉಸ್ತುವಾರಿಯವನು ಪಕ್ಕಕ್ಕೆ ಬಂದು ಸೀಟಿ ಊದಿದ.

"ಮೇಡಂ, ನಿಮಗೆ ಶಿಕ್ಷೆ. ಮುಂದೆ ಡೇರೆ ಇದೆ, ಇಳಿದು ನಿಂತು, ಬಿಟ್ಟ ಮೇಲೆ ಹೋಗ್ಬೇಕು."

"ನಾನೇನು ಮಾಡಿದೆ?"

"ಅವರ ಬೆನ್ನಿಗೆ ಅಂಟ್ಕೊಂಡು ಬರ್ತಿದ್ದೀರಲ್ಲ. ಏರಿ ಉದ್ದಕ್ಕೂ ನೋಡ್ತಾನೇ ಇದ್ದೀನಿ. ನೀರಲ್ಲಿ ಬನ್ನಿ, ಯಾರೂ ಕೇಳಲ್ಲ. ಓಡುವಾಗ ಬನ್ನಿ, ಕೇಳಲ್ಲ. ಸೈಕಲ್ಲಲ್ಲಿ ಕೂಡದು. ಅವರು ಗಾಳಿ ಸೀಳ್ತಾರೆ, ನೀವು ಪುಕ್ಕಟೆ ಬರ್ತೀರಿ."

"ಗಾಳಿ ಎಲ್ಲಿದೆ ಈಗ? ನಿಂತು ಎಷ್ಟು ಹೊತ್ತಾಯ್ತು!"

ಅವನು ನಗಲಿಲ್ಲ. "ಒಂಚೂರು ಪಕ್ಕಕ್ಕೆ ಸರೀರಿ ಮೇಡಂ" ಎಂದ.

ಸರಿದಳು. ತೆರೆದಿದ್ದ ಕದ ಬಂದು ಮುಖಕ್ಕೆ ಬಡಿದ ಹಾಗೆ ಗಾಳಿ ಬಡಿಯಿತು. ಸೈಕಲ್ ಓಲಾಡಿತು. ಗಾಳಿ ನಿಂತೇ ಇರಲಿಲ್ಲ.

"ನಾನೇನು ಅವರ ಹಿಂದೆ ಹೋಗ್ಲಿಲ್ಲ, ಅವರೇ ನನ್ನ ಮುಂದೆ ಬಂದ್ರು" ಎಂದಳು.

"ದಾಟಿದವರಿಗೆ ಜಾಗ ಬಿಟ್ಟು ಹಿಂದೆ ಸರಿಯೋದು ನಿಮ್ಮ ಕೆಲಸ. ಪುಸ್ತಕದಲ್ಲಿದೆ, ಓದಿಲ್ವಾ?"

ಓದಿದ್ದಳು. ಅದೇ ದೊಡ್ಡ ಅವಮಾನ. "ಹಾಗಾದ್ರೆ ಅವರಿಗೆ ಶಿಕ್ಷೆ ಇಲ್ವಾ?"

"ಅವರಿಗೆ ಇನ್ನೇನು ಶಿಕ್ಷೆ ಕೊಡೋದು ಮೇಡಂ? ಎದುರು ಗಾಳಿ ತಿಂತಿದ್ದಾರಲ್ಲ" ಎಂದು ಅವನು ಬೈಕನ್ನು ಮುಂದೆ ಬಿಟ್ಟ.

ಹಸಿರು ಬನಿಯನ್ನಿನವನು ಹಿಂದೆ ನೋಡದೆ ತುಳಿಯುತ್ತ ಹೋದ. ಅವಳು ಡೇರೆಯಲ್ಲಿ ಇಳಿದು ನಿಂತಳು. ಅಲ್ಲಿ ಕಳೆದ ಹೊತ್ತಿಗಾಗಿ ಅವಳು ಸಂಕಟಪಡಲಿಲ್ಲ. ಸಂಕಟ ಬೇರೆಯದ್ದಕ್ಕೆ. ತನ್ನದು ಎಂದು ಸಂಭ್ರಮಿಸಿದ ಬಲ ಇನ್ನೊಬ್ಬನ ಬೆನ್ನಿನದಾಗಿತ್ತು. ಬಿಳಿ ಬಟ್ಟೆಗೆ ಕಲೆ ಬಿದ್ದುಹೋಗಿತ್ತು. ಮತ್ತೆ ಮಾವನ ಮಾತು, ಮತ್ತೆ ಅತ್ತೆಯ ಪುಡಿ. ನೆರವು ನಿಷೇಧಿಸಿದ ಜಾಗಕ್ಕೂ ಅದು ಹಿಂಬಾಲಿಸಿ ಬಂದಿತ್ತು, ಈ ಸಲ ಹಸಿರು ಬನಿಯನ್ನು ಹಾಕಿಕೊಂಡು.

ಬಿಟ್ಟ ಕೂಡಲೇ ತುಳಿದಳು. ಹೊತ್ತು ಮುಗಿಯಿತೆಂದು ಇನ್ನೇನು ಅಡ್ಡ ಹಗ್ಗ ಎಳೆಯಬೇಕು ಎನ್ನುವಷ್ಟರಲ್ಲಿ ಒಳಗೆ ಬಂದಳು. ಓಟಕ್ಕೆ ಬಿಟ್ಟರು.

ಸೈಕಲ್ ಇಳಿದ ಕಾಲು ತಕ್ಷಣ ಓಡುವುದಿಲ್ಲ. ಅದು ಇನ್ನೂ ಸೈಕಲ್ಲಿನ ಮೇಲೆಯೇ ಇದ್ದ ಹಾಗೆ ಪೆಡಲು ತುಳಿಯಲು ನೋಡುತ್ತದೆ. ಅವಳು ಓಡಿದ್ದನ್ನು ಓಟ ಎನ್ನಲು ದೊಡ್ಡ ಮನಸ್ಸು ಬೇಕು. ಕಾಲುಚೀಲವಿಲ್ಲದ ಕಾಲಿಗೆ ಬ್ಲೇಡಿನ ಹಾಗೆ ಬೂಟು ಉಜ್ಜುತ್ತಿತ್ತು. ಬಿಸಿಲು ಏರಿತ್ತು. ಊರಿನ ಮನೆಗಳ ಮುಂದೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. "ಅಟ್ಟಿಸ್ಕೊಂಡು ಬರೋರು ಯಾರೂ ಇಲ್ಲ, ಯಾಕವ್ವಾ ಓಡ್ತಿ?" ಎಂದಳು ಒಬ್ಬಳು. ಉತ್ತರ ಕೊಡಲು ಅವಳಲ್ಲಿ ಉಸಿರಿರಲಿಲ್ಲ.

ತಿರುವಿನಲ್ಲಿ ಒಂದು ಮೋರಿಯ ಕಟ್ಟೆ ಇತ್ತು. ಅದರ ಮೇಲೆ ಹಸಿರು ಬನಿಯನ್ನಿನವನು ಕೂತಿದ್ದ. ಒಂದು ಬೂಟು ಬಿಚ್ಚಿ ಪಕ್ಕಕ್ಕಿಟ್ಟಿದ್ದ. ಎರಡೂ ಕೈಯಲ್ಲಿ ಮೀನಖಂಡ ಹಿಡಿದು ಒತ್ತುತ್ತಿದ್ದ. ಅವಳನ್ನು ಕಂಡು ಮುಖ ಅರಳಿಸಿದ.

"ಬಂದ್ರಾ ತಾಯಿ! ಏರಿ ದಾಟ್ತಿದ್ದ ಹಾಗೆ ನಿಮ್ಮ ಚೈನಿನ ಸದ್ದು ನಿಂತುಹೋಯ್ತು. ಎಲ್ಲಿ ಬಿದ್ದುಗಿದ್ದುಬಿಟ್ರೋ ಅಂದ್ಕೊಂಡೆ."

ಅವಳು ನಿಂತಳು. "ನಾನು ಹಿಂದೆ ಇದ್ದದ್ದು ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಹಂಗೆ ಕಿರುಗುಟ್ತಿತ್ತಲ್ಲ. ಅದಕ್ಕೇ ಬಗ್ಗದೆ ಬೆನ್ನು ನೆಟ್ಟಗೆ ಮಾಡ್ಕೊಂಡೆ. ಬೆನ್ನು ಅಗಲ ಇದ್ರೆ ಹಿಂದಿನವರಿಗೆ ಗಾಳಿ ತಾಗಲ್ಲ ನೋಡಿ."

ಅವಳ ದಣಿವೆಲ್ಲ ಸಿಟ್ಟಾಗಿ ನಾಲಿಗೆಗೆ ಬಂತು. "ಯಾರು ಕೇಳಿದ್ರು ನಿಮ್ಮನ್ನ? ನಿಮ್ಮ ಉಪಕಾರದಿಂದ ನನಗೆ ಶಿಕ್ಷೆ ಆಯ್ತು. ಹಾಗೆ ಬರೋದು ತಪ್ಪು ಅಂತ ಗೊತ್ತಿಲ್ವಾ?"

ಅವನು ಬೆಪ್ಪಾದ. "ತಪ್ಪಾ? ಅಯ್ಯೋ ಶಿವನೇ. ನನ್ನ ಹಿಂದೆ ಇದುವರೆಗೂ ಯಾರೂ ಬಂದೇ ಇರ್ಲಿಲ್ಲ ತಾಯಿ, ಹಾಗಾಗಿ ಗೊತ್ತಾಗ್ಲಿಲ್ಲ." ಸ್ವಲ್ಪ ಹೊತ್ತು ಕಾಲು ಒತ್ತಿಕೊಂಡ. "ಹೋದ ವರ್ಷನೂ ಹೆಚ್ಚುಕಮ್ಮಿ ಇಲ್ಲೇ ಕೂತಿದ್ದೆ. ಈ ಸಲ ಸೈಕಲ್ಲಲ್ಲಿ ಕಾಲು ಉಳಿಸ್ಕೊಂಡು ಓಟ ಮುಗಿಸಬೇಕು ಅಂತಿದ್ದೆ. ನೀವು ಹೋಗಿ, ಹೋಗಿ. ನನ್ನ ಜೊತೆ ನಿಂತ್ರೆ ನಿಮಗೂ ಹೊತ್ತಾಗುತ್ತೆ."

ಅವಳು ಹೋದಳು.

ಇನ್ನು ಒಂದು ಹೆಜ್ಜೆಯೂ ಇನ್ನೊಬ್ಬರದ್ದಾಗಬಾರದು ಎಂದು ಹಲ್ಲು ಕಚ್ಚಿದಳು. ದಾರಿಯಲ್ಲಿ ನೀರು ಹಿಡಿದು ನಿಂತವರಿದ್ದರು, ಎಲ್ಲರಿಗೂ ಕೊಡುವ ನೀರು ಅದು, ಕುಡಿದರೆ ತಪ್ಪಿಲ್ಲ. ಅವಳು ಕುಡಿಯಲಿಲ್ಲ. ಯಾರೋ ಒಬ್ಬ ಹುರುಪಿನವನು ಪಕ್ಕದಲ್ಲಿ ಓಡುತ್ತ ಚಪ್ಪಾಳೆ ತಟ್ಟಿದ, ಅವನನ್ನು ಗದರಿಸಿ ಕಳಿಸಿದಳು. ಕೊನೆಗೆ ಗುರಿಯ ಕಮಾನು ಕಂಡಿತು. ಅದರ ಕೆಳಗೆ ಹಾದಳು. ಮೈಕಿನವನು ಅವಳ ಹೆಸರನ್ನು ಕೂಗಿದ, ಗಂಡನ ಹೆಸರು ಸೇರಿಸಿಯೇ ಕೂಗಿದ. ಕೊರಳಿಗೆ ಪದಕ ಬಿತ್ತು.

ಎಲ್ಲರೂ ನೆರಳಿಗೆ ಓಡಿದರು. ಅವಳು ಕುಂಟುತ್ತ ತೀರ್ಪುಗಾರರ ಮೇಜಿಗೆ ಹೋದಳು.

"ಸಾರ್, ಏರಿ ಮೇಲೆ ನಾನು ಇನ್ನೊಬ್ಬರ ಮರೆಯಲ್ಲಿ ಬಂದೆ. ಅಷ್ಟು ದೂರ ನನ್ನದಲ್ಲ. ಅದನ್ನೇನು ಮಾಡೋದು?"

ತೀರ್ಪುಗಾರರು ವಯಸ್ಸಾದವರು, ಅವರಿಗೂ ಬೆಳಗಿನಿಂದ ಬಿಸಿಲಲ್ಲಿ ಕೂತು ತಲೆನೋವು ಬಂದಿತ್ತು. "ಡೇರೆಯಲ್ಲಿ ನಿಂತ್ರಲ್ಲಮ್ಮ?"

"ನಿಂತೆ."

"ಮುಗೀತು ಹಾಗಾದ್ರೆ. ಹೋಗಿ, ಉಪ್ಪಿಟ್ಟು ಆರಿಹೋಗುತ್ತೆ."

ಮನೆಗೆ ಬಂದಳು. ಅತ್ತೆ ಪದಕವನ್ನು ಉಗುರಿನಿಂದ ಕೆರೆದು, "ತಗಡು" ಎಂದರು. ಗಂಡ, "ಮೊದಲೇ ಹೇಳಿದ್ರೆ ಸೈಕಲ್ಲಿಗೆ ಹೊಸ ಚೈನು ನಾನು ಹಾಕಿಸ್ಕೊಡ್ತಿದ್ದೆ, ನೀನು ಇನ್ನೂ ಬೇಗ ಬರ್ತಿದ್ದೆ" ಎಂದ. ಅವಳು ಪದಕವನ್ನು ಸೀರೆಗಳ ಕೆಳಗೆ ಇಟ್ಟಳು. ಆದರೆ ಅದು ಅಲ್ಲಿಂದಲೂ ಚುಚ್ಚುತ್ತಿತ್ತು. ಈಜು ನನ್ನದು, ಓಟ ನನ್ನದು, ಸೈಕಲ್ಲಿನಲ್ಲಿ ಹೋಗಿದ್ದು ನನ್ನದು, ಬಂದದ್ದರಲ್ಲಿ ಏರಿಯೊಂದು ಬಿಟ್ಟು ಉಳಿದದ್ದು ನನ್ನದು. ಮುರುಕಲು ರೊಟ್ಟಿಯನ್ನು ಜೋಡಿಸಿದ ಹಾಗೆ ಜೋಡಿಸಿ ನೋಡುತ್ತಿದ್ದಳು. ಪ್ರತಿ ಸಲವೂ ಒಂದು ಚೂರು ಕಡಿಮೆ ಬೀಳುತ್ತಿತ್ತು.

ಆ ಚೂರನ್ನು ತಾನೇ ಹೋಗಿ ತರಬೇಕು ಎಂದು ನಿಶ್ಚಯಿಸಿದಳು. ಒಂದು ಭಾನುವಾರ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಅದೇ ಕೆರೆಗೆ ಹೋದಳು. ಅಂದು ಗಾಳಿ ಇರಲಿಲ್ಲ. ಕೆರೆ ಕನ್ನಡಿಯ ಹಾಗೆ ಮಲಗಿತ್ತು. ಗಾಳಿಯಿಲ್ಲದ ಏರಿಯನ್ನು ತುಳಿದು ಏನು ಬಂತು? ಹಿಂದಿರುಗಿದಳು. ಮುಂದಿನ ಭಾನುವಾರ ಹೋದಳು. ಗಾಳಿ ಇತ್ತು, ಆದರೆ ಬೇರೆ ದಿಕ್ಕಿನದು. ಮನೆಯಲ್ಲಿ, "ಈಗ ಯಾವ ಸ್ಪರ್ಧೆ?" ಎಂದು ಕೇಳಿದರು. ಮತ್ತೊಂದು ಭಾನುವಾರ ಹೋದಾಗ ಗಾಳಿ ಅಂದಿನ ಹಾಗೆಯೇ ಬೀಸುತ್ತಿತ್ತು. ಕೆರೆಯ ಮೇಲೆ ಬಿಳಿ ನೊರೆ ಎದ್ದಿತ್ತು. ಏರಿಯ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ.

ಒಬ್ಬಳೇ ತುಳಿದಳು. ಗಾಳಿ ಎದೆಗೆ ಕೈಯಿಟ್ಟು ತಳ್ಳಿತು. ಇಳಿಯಲಿಲ್ಲ. ಕಣ್ಣಿನಲ್ಲಿ ನೀರು ಬಂತು, ಒರೆಸಲಿಲ್ಲ. ತೆವಳುವಷ್ಟೇ ವೇಗದಲ್ಲಿ, ಒಂದೊಂದು ಮರವನ್ನೂ ಬಹಳ ಹೊತ್ತು ನೋಡುತ್ತ, ಈ ತುದಿಯಿಂದ ಆ ತುದಿಗೆ ಮುಟ್ಟಿದಳು. ಸೈಕಲ್ಲನ್ನು ಹುಲ್ಲಿನ ಮೇಲೆ ಕೆಡವಿ ತಾನೂ ಅದರ ಪಕ್ಕದಲ್ಲಿ ಬಿದ್ದುಕೊಂಡಳು. ಈಗಲಾದರೂ ಪೂರ್ತಿ ನನ್ನದಾಯಿತೇ ಎಂದು ಕೇಳಿಕೊಂಡಳು. ಆಯಿತು ಎಂದಿತು ಮನಸ್ಸು. ಆದರೆ ಬಹಳ ಸುಸ್ತಾದವರ ದನಿಯಲ್ಲಿ ಎಂದಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಮುಂದಿನದಕ್ಕೆ ಕಾದ.

"ನನಗೇನೋ ಆಯಿತು ಅನ್ನಿಸುತ್ತದೆ ಗುರುಗಳೇ" ಎಂದ. "ತಪ್ಪಿಗೆ ಶಿಕ್ಷೆ ಅನುಭವಿಸಿದ್ದಾಳೆ. ಬಿಟ್ಟುಹೋದ ದಾರಿಯನ್ನೂ ಎದುರು ಗಾಳಿಯಲ್ಲಿ ತಾನೇ ತುಳಿದಿದ್ದಾಳೆ. ಇನ್ನು ಬಾಕಿ ಏನು ಉಳಿಯಿತು? ಈಗ ಅದು ಪೂರ್ತಿ ಅವಳದ್ದೇ ಅಲ್ಲವೇ?"

ಗುರುಗಳು ಕಣ್ಣು ಮುಚ್ಚಿಕೊಂಡೇ ಹೇಳಿದರು:

"ಮೋರಿಯ ಮೇಲೆ ಕೂತಿದ್ದವನು ಆಮೇಲೆ ಎದ್ದನೇ ಎಂದು ಅವಳೂ ಕೇಳಲಿಲ್ಲ, ನೀನೂ ಕೇಳಲಿಲ್ಲ."